ಕೋಡುಬಳೆ ಡಬ್ಬಿಯ ಮತಪೆಟ್ಟಿಗೆ

ನಮ್ಮ ಕಾಲೇಜಿನ ಮತಪೆಟ್ಟಿಗೆ ಇರುವುದು ನಮ್ಮ ಮನೆಯ ಅಡುಗೆಕೋಣೆಯ ಅಟ್ಟದ ಮೇಲೆ. ಮೊದಲು ಅದು ನಮ್ಮ ಅತ್ತೆಯವರು ಕೋಡುಬಳೆ ತುಂಬಿಡುತ್ತಿದ್ದ ತಗಡಿನ ಡಬ್ಬಿ. ಮುಚ್ಚಳದ ನಡುವೆ ಒಂದು ಚೀಟಿ ತೂರುವಷ್ಟು ಸೀಳು ಕೊರೆಸಿದವಳು ನಾನು. ಅತ್ತೆಯವರಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. "ಗಾಳಿ ಆಡದಂಥ ಡಬ್ಬಿ ಕಣೇ ಅದು. ತಿಂಗಳಿಟ್ರೂ ಕೋಡುಬಳೆ ಮೆತ್ತಗಾಗ್ತಿರ್ಲಿಲ್ಲ. ನಿಮ್ಮ ಮೇಷ್ಟ್ರುಗಳು ಓಟು ಹಾಕೋಕೆ ನನ್ನ ಡಬ್ಬೀನೇ ಬೇಕಿತ್ತಾ?" ಎಂದು ಚುನಾವಣೆ ಬಂದಾಗಲೆಲ್ಲ ಒಂದು ಸಲ ಕೇಳುತ್ತಾರೆ. ಪ್ರತಿ ಸಲವೂ ಅದನ್ನು ಇಳಿಸಿ, ತೊಳೆದು, ಹಿತ್ತಲ ಬಿಸಿಲಲ್ಲಿ ಒಣಗಿಸುತ್ತೇನೆ. ಆದರೂ ಎಣಿಕೆಗೆಂದು ಮುಚ್ಚಳ ತೆಗೆದರೆ ಮೊದಲು ಮೂಗಿಗೆ ಬರುವುದು ಇಂಗಿನ ವಾಸನೆ. ಫಲಿತಾಂಶ ಆಮೇಲೆ.

ನಾನು ಹಳೇಬೀಡಿನ ಪಕ್ಕದ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ಕಾಲೇಜನ್ನು ನಡೆಸುವುದು ಒಂದು ಆಡಳಿತ ಮಂಡಳಿ. ಅದರಲ್ಲಿ ಹೆಚ್ಚಿನವರು ಅರಸೀಕೆರೆ ಕಡೆಯ ಕೊಬ್ಬರಿ ವ್ಯಾಪಾರಿಗಳು, ತೆಂಗಿನ ತೋಟದವರು. ಆ ಮಂಡಳಿಯಲ್ಲಿ ಅಧ್ಯಾಪಕರಿಗೆಂದು ಒಂದು ಕುರ್ಚಿ ಇದೆ. ಎರಡು ವರ್ಷಕ್ಕೊಮ್ಮೆ ನಾವು ನಮ್ಮೊಳಗೊಬ್ಬರನ್ನು ಆರಿಸಿ ಆ ಕುರ್ಚಿಗೆ ಕಳಿಸಬೇಕು. ಆ ಚುನಾವಣೆ ನಡೆಸಿಕೊಡುವ ಕೆಲಸ ನನ್ನದು. ಯಾರೂ ನನ್ನನ್ನು ಇದಕ್ಕೆ ಆರಿಸಲಿಲ್ಲ. ನಾನು ಬಸ್ಸು ಹತ್ತುವವಳಲ್ಲ, ಅಷ್ಟೇ ಕಾರಣ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಾಲೇಜಿನಲ್ಲಿ ಪಕ್ಷ ಎಂದರೆ ಬಸ್ಸು. ಅಧ್ಯಾಪಕರಲ್ಲಿ ಅರ್ಧದಷ್ಟು ಜನ ಅರಸೀಕೆರೆಯಿಂದ ಬರುತ್ತಾರೆ, ಉಳಿದರ್ಧ ಬೇಲೂರಿನಿಂದ. ದಿನಾ ಹೋಗುತ್ತಾ ಬರುತ್ತಾ ಒಂದೇ ಬಸ್ಸಿನಲ್ಲಿ ಕೂತು, ಅದೂ ಹೆಂಗಸರಿಗೆ ಟಿಕೆಟ್ಟಿಲ್ಲವೆಂದಾದ ಮೇಲೆ ಹೆಚ್ಚಾಗಿ ನಿಂತು, ಒಬ್ಬರ ಮಗಳ ಮದುವೆ, ಇನ್ನೊಬ್ಬರ ಮಂಡಿನೋವು, ಮತ್ತೊಬ್ಬರ ಬಡ್ತಿ ಎಲ್ಲವನ್ನೂ ಮಾತಾಡಿಕೊಂಡು ಬಂದವರು ಕಾಲೇಜಿನ ಗೇಟು ದಾಟುವಷ್ಟರಲ್ಲಿ ಒಂದೇ ಮನೆಯವರಾಗಿರುತ್ತಾರೆ. ಸ್ಟಾಫ್ ರೂಮಿನಲ್ಲೂ ಅರಸೀಕೆರೆ ಬಸ್ಸು ಕಿಟಕಿ ಪಕ್ಕ, ಬೇಲೂರು ಬಸ್ಸು ಬೀರುವಿನ ಪಕ್ಕ. ನಾನು ಹಳೇಬೀಡಿನವಳು. ಕೆರೆ ಏರಿಯ ಮೇಲೆ ನಡೆದುಕೊಂಡು ಬಂದು ನಡೆದುಕೊಂಡು ಹೋಗುತ್ತೇನೆ. ಯಾವ ಬಸ್ಸಿಗೂ ಸೇರದವಳೆಂದು ಎರಡು ಬಸ್ಸಿನವರೂ ನನ್ನನ್ನು ನಂಬಿದರು.

ನಿಜ ಹೇಳಬೇಕೆಂದರೆ ಬಹಳ ಕಾಲ ಆ ಡಬ್ಬಿಗೆ ಒಂದು ಚೀಟಿಯೂ ಬಿದ್ದಿರಲಿಲ್ಲ. ಒಂದು ಸಲ ಅರಸೀಕೆರೆ ಬಸ್ಸಿನ ಹಿರಿಯರು, ಇನ್ನೊಂದು ಸಲ ಬೇಲೂರು ಬಸ್ಸಿನ ಹಿರಿಯರು ಎಂದು ಸರದಿ ಇತ್ತು. ಒಬ್ಬರೇ ನಾಮಪತ್ರ ಕೊಡುತ್ತಿದ್ದರು, ನಾನು 'ಅವಿರೋಧ' ಎಂದು ಬೋರ್ಡಿಗೆ ಬರೆಯುತ್ತಿದ್ದೆ, ಕ್ಯಾಂಟೀನಿನಿಂದ ಮೈಸೂರುಪಾಕು ಬರುತ್ತಿತ್ತು. ಗೆದ್ದವರು ಅರಸೀಕೆರೆಯಲ್ಲಿ ಸಭೆಗೆ ಹೋಗಿ, ಕೇಸರಿಬಾತು ತಿಂದು, ತೋರಿಸಿದ ಕಡೆ ಸಹಿ ಮಾಡಿ ಬರುತ್ತಿದ್ದರು. ಸಭೆಯಲ್ಲಿ ಏನಾಯಿತೆಂದು ಕೇಳಿದರೆ ಕೇಸರಿಬಾತಿಗೆ ದ್ರಾಕ್ಷಿ ಹಾಕಿದ್ದರೋ ಗೋಡಂಬಿ ಹಾಕಿದ್ದರೋ ಎಂಬುದು ಮಾತ್ರ ತಿಳಿಯುತ್ತಿತ್ತು.

ಆ ಸರದಿ ಮುರಿದವರು ನಮ್ಮ ಚರಿತ್ರೆಯ ಮೇಡಂ.

ಅವರು ಅರಸೀಕೆರೆ ಬಸ್ಸಿನವರು, ನನಗಿಂತ ಕಿರಿಯರು, ನನ್ನನ್ನು 'ಅಕ್ಕ' ಎನ್ನುತ್ತಾರೆ. ಮಧ್ಯಾಹ್ನದ ಊಟಕ್ಕೆ ನನ್ನ ಸಸ್ಯಶಾಸ್ತ್ರದ ಲ್ಯಾಬಿಗೇ ಡಬ್ಬಿ ತರುತ್ತಾರೆ. ನನ್ನ ಮುದ್ದೆಗೆ ಅವರು ನಗುತ್ತಾರೆ, ಅವರ ತಣ್ಣನೆ ಚಪಾತಿಗೆ ನಾನು ನಗುತ್ತೇನೆ. ಆ ವರ್ಷ ಒಂದು ದಿನ ಅವರು ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ.

"ಚರಿತ್ರೆ ವಿಭಾಗ ಮುಚ್ತಾರಂತೆ ಅಕ್ಕ. ಮಕ್ಕಳು ಕಡಿಮೆಯಂತೆ. ನನ್ನ ರೂಮಿಗೆ ಕಂಪ್ಯೂಟರ್ ಇಡ್ತಾರಂತೆ. ಮುಂದಿನ ಸಭೇಲಿ ತೀರ್ಮಾನ."

ನನಗೆ ಅದರ ಅರ್ಥ ಗೊತ್ತಿತ್ತು. ನನ್ನ ಹಾಗೆ ಸರ್ಕಾರದ ಸಂಬಳ ಬರುವ ಹುದ್ದೆ ಅವರದಲ್ಲ. ಆಡಳಿತ ಮಂಡಳಿಯೇ ಕೊಡುವ ಸಂಬಳ. ವಿಭಾಗ ಮುಚ್ಚಿದರೆ ಬೇರೆ ಕಡೆ ವರ್ಗವಾಗುವುದಿಲ್ಲ, ಕೆಲಸವೇ ಹೋಗುತ್ತದೆ.

"ಊರ ತುಂಬಾ ಚರಿತ್ರೆ. ದೇಶದೇಶದಿಂದ ಜನ ಬಂದು ಕಲ್ಲು ನೋಡ್ಕೊಂಡು ಹೋಗ್ತಾರೆ. ಊರಿನ ಕಾಲೇಜಲ್ಲಿ ಮಾತ್ರ ಚರಿತ್ರೆ ಬೇಡ. ಈ ಮಾತನ್ನ ಆ ಸಭೇಲಿ ಹೇಳೋಕೆ ಒಬ್ಬರಾದ್ರೂ ಬೇಡ್ವಾ? ಈ ಸಲ ಬೇಲೂರು ಸರದಿ ಅಂತ ಗೊತ್ತು. ಆದ್ರೂ ನಾನು ನಿಂತ್ಕೋತೀನಿ," ಎಂದರು. ಆಮೇಲೆ ನನ್ನ ಮುಖ ನೋಡಿ, "ನೀವು ನನಗೇ ತಾನೆ ಹಾಕೋದು?" ಎಂದರು.

"ಚುನಾವಣೆ ನಡೆಸೋಳು ನಾನು. ನಾನು ಯಾರಿಗೂ ಹಾಕಲ್ಲ," ಎಂದೆ.

"ಸರಿಹೋಯ್ತು. ಇದ್ದ ಒಂದು ಗ್ಯಾರಂಟಿ ಓಟೂ ಹೋಯ್ತು," ಎಂದು ಕೊನೆಗೂ ಚಪಾತಿ ಡಬ್ಬಿ ತೆಗೆದರು.

ಬೇಲೂರು ಬಸ್ಸಿನಿಂದ ಸರದಿ ಇದ್ದದ್ದು ಭೌತಶಾಸ್ತ್ರದ ಸರ್ ಅವರದು. ಹಿರಿಯರು, ಗಟ್ಟಿ ದನಿ, ಜೇಬಿನಲ್ಲಿ ಸದಾ ಎರಡು ಪೆನ್ನು. ವಿಧಾನಸಭೆ, ಲೋಕಸಭೆ ಚುನಾವಣೆ ಬಂದಾಗ ತಾಲ್ಲೂಕಿನ ಮತಗಟ್ಟೆ ಅಧಿಕಾರಿಗಳಿಗೆ ತರಬೇತಿ ಕೊಡುವವರಲ್ಲಿ ಅವರೂ ಒಬ್ಬರು. ನಾಮಪತ್ರ ಕೊಡಲು ಬಂದಾಗ ನನ್ನ ಮೇಜಿನ ಮೇಲೆ ಇನ್ನೊಂದು ನಾಮಪತ್ರ ನೋಡಿ ಹುಬ್ಬೇರಿಸಿದರು.

"ಓಹೋ, ಚುನಾವಣೆ! ಆಗ್ಲಿ ಆಗ್ಲಿ, ಪ್ರಜಾಪ್ರಭುತ್ವ ಅಲ್ವಾ? ಆದ್ರೆ ಮೇಡಂ, ನಿಯಮದ ಪ್ರಕಾರ ನಡೀಬೇಕು."

"ಹಾಗೇ ನಡೆಯುತ್ತೆ ಸರ್," ಎಂದೆ.

ನಡೆಸಬಲ್ಲೆ ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ. ಮದುವೆ ಮನೆಯ ಉಗ್ರಾಣ ನೋಡಿಕೊಂಡವಳಿಗೆ ಚುನಾವಣೆ ದೊಡ್ಡದಲ್ಲ. ಯಾವುದು ಯಾವಾಗ ಬೇಕು, ಯಾರ ಕೈಗೆ ಏನು ಕೊಡಬೇಕು, ಯಾರ ಕೈಗೆ ಕೊಡಬಾರದು ಎಂದು ತಿಳಿದಿದ್ದರೆ ಸಾಕು. ನಾನು ನಾಲ್ಕು ನಿಯಮ ಬರೆದು, ಪ್ರಾಂಶುಪಾಲರ ಸಹಿ ಹಾಕಿಸಿ, ನೋಟಿಸ್ ಬೋರ್ಡಿಗೆ ಅಂಟಿಸಿದೆ. ಬೇಕಾದವರ ಹೆಸರಿನ ಮುಂದೆ ಟಿಕ್ ಹಾಕುವುದು. ಹಾಕಿದವರು ಯಾರೆಂದು ಗೊತ್ತಾಗುವಂಥ ಗುರುತಿದ್ದರೆ ಆ ಚೀಟಿ ಅಸಿಂಧು. ಚುನಾವಣೆ ನಡೆಸುವವರಿಗೆ ಓಟಿಲ್ಲ. ಸಮಬಲವಾದರೆ ಚೀಟಿ ಎತ್ತುವುದು. ಇಷ್ಟೇ. ಒಂದು ವಾರ ಅದು ಅಲ್ಲೇ ಇತ್ತು. ಎಲ್ಲರೂ ಓದಿದರು, ಯಾರೂ ಆಕ್ಷೇಪ ಎತ್ತಲಿಲ್ಲ.

ಆಕ್ಷೇಪಗಳೆಲ್ಲ ಬಂದದ್ದು ಮತದಾನದ ದಿನ. ನಮ್ಮಲ್ಲಿ ಮತದಾರರೇ ಇಲ್ಲ, ಇರುವವರೆಲ್ಲ ಅಧಿಕಾರಿಗಳು. ಪ್ರತಿಯೊಬ್ಬರೂ ಒಂದಲ್ಲ ಒಂದು ಹಳ್ಳಿಯ ಶಾಲೆಯಲ್ಲಿ ರಾತ್ರಿ ಮಲಗಿ, ಬೆಳಿಗ್ಗೆ ಎದ್ದು ಮತಗಟ್ಟೆ ನಡೆಸಿದವರು. ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ಸಾಲು ನಿಂತರು. ಒಣಗಿಸಿದ ಗಿಡಗಳ ಬೀರುವನ್ನು ಅಡ್ಡ ಎಳೆದು ಅದರ ಹಿಂದೆ ಓಟು ಹಾಕುವ ಮೇಜು ಮಾಡಿದ್ದೆ. ಮೇಜಿಗೆ ಒಂದು ನೀಲಿ ಪೆನ್ನನ್ನು ದಾರದಲ್ಲಿ ಕಟ್ಟಿದ್ದೆ.

"ಮೇಡಂ, ಡಬ್ಬಿ ಖಾಲಿ ಅಂತ ತೋರಿಸ್ಲೇ ಇಲ್ಲ."

ಮುಚ್ಚಳ ತೆಗೆದು ತೋರಿಸಿದೆ. ಗಣಿತದವರು ಮೂಗು ಹತ್ತಿರ ತಂದು, "ಖಾಲಿ ಏನೋ ಹೌದು. ಹೊಟ್ಟೆ ಹಸೀತಿದೆ," ಎಂದರು.

"ಸೀಲು?"

ಅರಗು ಕರಗಿಸಿ ದಾರದ ಗಂಟಿನ ಮೇಲೆ ಹನಿಸಿದೆ.

"ಬೆರಳಿಗೆ ಶಾಯಿ ಎಲ್ರೀ?"

"ಅರಿಶಿನ ಸುಣ್ಣ ಕಲಸಿ ಹಚ್ಚಲಾ? ಓಟು ಹಾಕಿದೋರಿಗೆ ಆರತೀನೂ ಎತ್ತಿಬಿಡ್ತೀನಿ," ಎಂದೆ. ನಗು ಎದ್ದಿತು, ಸಾಲು ಮುಂದೆ ಸರಿಯಿತು. ಭೌತಶಾಸ್ತ್ರದ ಸರ್ ಮಾತ್ರ ನಗದೆ, ಸಾಲಿನ ಪಕ್ಕ ನಿಂತು ಎಲ್ಲರಿಗೂ ಚೀಟಿ ಹೇಗೆ ಮಡಿಸಬೇಕೆಂದು ಹೇಳಿಕೊಡುತ್ತಿದ್ದರು. "ಅಡ್ಡ ಮಡಿಸ್ಬೇಡಿ, ಉದ್ದಕ್ಕೆ ಮಡಿಸಿ. ಎಷ್ಟು ಸಲ ಹೇಳ್ಕೊಟ್ರೂ ಇಷ್ಟೇ." ಅವರೂ ಬೀರುವಿನ ಹಿಂದೆ ಹೋಗಿ, ಚೀಟಿಯನ್ನು ಉದ್ದಕ್ಕೆ ಮಡಿಸಿಕೊಂಡು ಬಂದು ಡಬ್ಬಿಗೆ ಹಾಕಿದರು. ಕೊನೆಗೆ ಬಂದವರು ಚರಿತ್ರೆಯ ಮೇಡಂ. ಚೀಟಿ ಹಾಕಿ, ಸೀಳಿನೊಳಗೆ ಒಂದು ಸಲ ಇಣುಕಿ ನೋಡಿ ಹೋದರು.

ಬಸ್ಸುಗಳು ಬರುವ ಮುಂಚೆ ಎಣಿಕೆ ಮುಗಿಯಬೇಕು. ಹಾಗಾಗಿ ಕೊನೆಯ ಪೀರಿಯಡ್ಡಿನಲ್ಲೇ ಕೂತೆವು. ಮೇಜಿನ ಒಂದು ಕಡೆ ನಾನು ಮತ್ತು ಪ್ರಾಂಶುಪಾಲರು, ಇನ್ನೊಂದು ಕಡೆ ಇಬ್ಬರು ಅಭ್ಯರ್ಥಿಗಳು. ಉಳಿದವರು ಬಾಗಿಲಾಚೆ, ಆದರೆ ಕಿವಿಗಳೆಲ್ಲ ಬಾಗಿಲೀಚೆ.

ನಾನು ಅಕ್ಕಿ ಆರಿಸುವವಳ ಹಾಗೆ ಚೀಟಿ ಬಿಡಿಸುತ್ತಾ ಹೋದೆ. ಇದು ಈ ಕಡೆ, ಇದು ಆ ಕಡೆ. ನಡುವೆ ಒಂದು ಚೀಟಿ ಬಿಡಿಸಿದವಳು ಕೈ ತಡೆದೆ. ಟಿಕ್ ಚರಿತ್ರೆಯ ಮೇಡಂ ಹೆಸರಿಗೆ ಸ್ಪಷ್ಟವಾಗಿ ಬಿದ್ದಿತ್ತು. ಟಿಕ್ಕಿನ ಪಕ್ಕದಲ್ಲಿ ಒಂದು ಸಣ್ಣ ಸಹಿ. ಎರಡು ಅಕ್ಷರ, ಅದರ ಕೆಳಗೆ ಗಾಳಿಪಟದ ಬಾಲದ ಹಾಗೆ ಎಳೆದ ಒಂದು ಗೆರೆ.

ಇದು ಮೇಷ್ಟ್ರುಗಳಲ್ಲದೆ ಬೇರೆ ಯಾರೂ ಮಾಡದ ತಪ್ಪು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ಟಿಕ್ ಹಾಕಿ, ಅಂಕ ಕೊಟ್ಟು, ಪಕ್ಕದಲ್ಲಿ ಚಿಕ್ಕ ಸಹಿ ಮಾಡುತ್ತೇವೆ. ಅಂಕಕ್ಕೆ ಹೊಣೆ ಯಾರೆಂದು ಗೊತ್ತಾಗಬೇಕಲ್ಲ. ಕಂತೆಗಟ್ಟಲೆ ತಿದ್ದಿ ತಿದ್ದಿ ಕೈಗೆ ಅಭ್ಯಾಸ ಕೂತುಬಿಡುತ್ತದೆ. ಟಿಕ್ ಹಾಕಿದ ಕೈ ಸಹಿ ಹಾಕದೆ ಮೇಲೇಳುವುದಿಲ್ಲ. ನನ್ನದೇ ಕತೆ ಹೇಳುವುದಾದರೆ, ಹಾಲಿನವನ ಕಾರ್ಡಿಗೆ ಟಿಕ್ ಹಾಕಿ ಪಕ್ಕದಲ್ಲಿ ಸಹಿ ಮಾಡಿ ಅವನನ್ನು ನಗಿಸಿದ್ದೇನೆ.

ಆ ಸಹಿ ಯಾರದೆಂದು ನನಗೆ ನೋಡಿದೊಡನೆ ತಿಳಿಯಿತು. ಚೀಟಿಯನ್ನು ಬೋರಲು ಹಾಕಿ, ಮೇಲೆ ಒಂದು ಗಾಜಿನ ಬಟ್ಟಲಿಟ್ಟು, ಉಳಿದವನ್ನು ಬಿಡಿಸಿದೆ. ಎರಡು ಗುಂಪು ಕಟ್ಟಿ, ಎಣಿಸಿ, ಪ್ರಾಂಶುಪಾಲರ ಕೈಯಲ್ಲೂ ಎಣಿಕೆ ಮಾಡಿಸಿದೆ. ಸಮ ಸಮ.

"ಇದೊಂದು ಉಳಿದಿದೆ," ಎಂದು ಬಟ್ಟಲು ತೆಗೆದೆ. ಸಹಿಯ ಮೇಲೆ ಹೆಬ್ಬೆರಳಿಟ್ಟುಕೊಂಡು ಟಿಕ್ಕನ್ನು ಇಬ್ಬರಿಗೂ ತೋರಿಸಿದೆ. "ಟಿಕ್ ಮೇಡಂಗೆ ಬಿದ್ದಿದೆ. ಆದ್ರೆ ಹಾಕಿದೋರು ಪಕ್ಕದಲ್ಲಿ ಸಹಿ ಮಾಡಿದಾರೆ."

"ಅಸಿಂಧು!" ಭೌತಶಾಸ್ತ್ರದ ಸರ್ ಮೇಜು ತಟ್ಟಿದರು. "ಗುರುತು ಬಿದ್ರೆ ಅಸಿಂಧು. ನಿಮ್ಮ ಬೋರ್ಡಲ್ಲೇ ಇದೆ. ಇದನ್ನ ಎಷ್ಟು ಜನಕ್ಕೆ ನಾನೇ ಪಾಠ ಮಾಡಿದೀನಿ ಮೇಡಂ."

ಚರಿತ್ರೆಯ ಮೇಡಂ ನನ್ನ ಕಡೆಗೇ ನೋಡಿದರು. "ಅಕ್ಕ, ಟಿಕ್ ಅಷ್ಟು ಚೆನ್ನಾಗಿ ಕಾಣ್ತಿದೆ. ಹಾಕಿದೋರ ಮನಸ್ಸು ಏನು ಅಂತ ಗೊತ್ತಾಗ್ತಿದೆಯಲ್ಲ. ನನ್ನ ಓಟು ಕಣ್ರೀ ಅದು."

"ಗೊತ್ತಾಗ್ತಿದೆ," ಎಂದೆ. "ಹಾಕಿದೋರು ಯಾರು ಅಂತಾನೂ ಗೊತ್ತಾಗ್ತಿದೆ. ಅದಕ್ಕೇ ಇದನ್ನ ಸೇರಿಸೋಕಾಗಲ್ಲ."

ಅವರ ಕಣ್ಣು ತುಂಬಿತು. ಆ ಕುರ್ಚಿ ಅವರಿಗೆ ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಇರಲಿಲ್ಲ. ಆದರೂ ನನ್ನ ಮಾತು ಅಲುಗಲಿಲ್ಲ. ಇವತ್ತು ಇವರಿಗೆಂದು ಬೋರ್ಡಿನ ಒಂದು ಸಾಲು ಅಳಿಸಿದರೆ, ನಾಳೆ ಇನ್ನೊಬ್ಬರು ಬಂದು ಇವರ ವಿರುದ್ಧವೇ ಇನ್ನೊಂದು ಸಾಲು ಅಳಿಸುತ್ತಾರೆ. ಆಗ ತಡೆಯಲು ನನಗೆ ಬಾಯಿ ಇರುವುದಿಲ್ಲ.

"ಯಾರ್ರೀ ಅದು ಸಹಿ ಹಾಕಿರೋ ಪುಣ್ಯಾತ್ಮ?" ಭೌತಶಾಸ್ತ್ರದ ಸರ್‌ಗೆ ಹುರುಪು ಬಂದಿತ್ತು. "ಡಿಗ್ರಿ ಮಕ್ಕಳಿಗೆ ಪಾಠ ಹೇಳ್ತಾರೆ, ಓಟು ಹಾಕೋಕೆ ಬರಲ್ಲ. ತೋರಿಸಿ, ನೋಡೋಣ."

"ಅಸಿಂಧು ಅಂದ್ಮೇಲೆ ನೋಡೋದೇನಿದೆ ಸರ್? ಲಕೋಟೆಗೆ ಹಾಕ್ತೀನಿ."

"ಅಭ್ಯರ್ಥಿಗೆ ನೋಡೋ ಹಕ್ಕಿದೆ ಮೇಡಂ. ನಿಯಮ."

ಅವರೊಬ್ಬರಿಗೆ ಮಾತ್ರ ಕಾಣುವಂತೆ ಹೆಬ್ಬೆರಳನ್ನು ಸ್ವಲ್ಪ ಸರಿಸಿದೆ. ಅವರು ಬಗ್ಗಿ ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ನಿಧಾನಕ್ಕೆ ಹಿಂದಕ್ಕೊರಗಿ, ಬಾಗಿಲಾಚೆಗೆ ಕೇಳದಷ್ಟು ಸಣ್ಣ ದನಿಯಲ್ಲಿ, "ಸರಿ. ಅಸಿಂಧುವೇ," ಎಂದರು.

ಸಹಿ ಅವರದೇ ಆಗಿತ್ತು.

ಪ್ರಾಂಶುಪಾಲರಿಗೆ ಇದಾವುದೂ ತಿಳಿಯಲಿಲ್ಲ. "ಮೇಡಂ, ಸಮ ಆಗಿದೆ. ನೀವೇ ಒಂದು ಓಟು ಹಾಕಿ ಮುಗಿಸ್ಬಿಡಿ. ಬಸ್ಸು ಬರೋ ಹೊತ್ತಾಯ್ತು," ಎಂದರು. ಚರಿತ್ರೆಯ ಮೇಡಂ ತಲೆ ಎತ್ತಿದರು. ನಾನು ಗೋಡೆಯ ಕಡೆ ಕೈ ತೋರಿಸಿ, "ನನಗೆ ಓಟಿಲ್ಲ ಸರ್, ಬೋರ್ಡಲ್ಲಿದೆ. ಚೀಟಿ ಎತ್ತಿಸೋಣ," ಎಂದೆ.

ಎರಡು ಹೆಸರು ಬರೆದು, ಒಂದೇ ಥರ ಮಡಿಸಿ, ಅದೇ ಕೋಡುಬಳೆ ಡಬ್ಬಿಗೆ ಹಾಕಿ ಅಲ್ಲಾಡಿಸಿದೆ. ಯಾವ ಬಸ್ಸಿಗೂ ಸೇರದ ಇನ್ನೊಬ್ಬರು ಕ್ಯಾಂಟೀನು ನಡೆಸುವ ಅಮ್ಮ. ಅವರನ್ನು ಕರೆಸಿದೆವು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು.

"ಯಾವ್ದ್ ತಗೀಲವ್ವ?"

"ಯಾವ್ದಾದ್ರೂ ಒಂದು ತೆಗೀರಿ."

"ಯಾರ್ದಾದ್ರೂ ಬರ್ಲಿ, ಬಿರ್ರನೆ ಮುಗುಸ್ರಿ. ಒಲೆ ಮ್ಯಾಲೆ ಹಾಲೈತೆ," ಎಂದು ಕೈ ಹಾಕಿ ಒಂದನ್ನು ತೆಗೆದುಕೊಟ್ಟರು.

ಬಂದದ್ದು ಭೌತಶಾಸ್ತ್ರದ ಸರ್ ಹೆಸರು. ಬೇಲೂರು ಬಸ್ಸಿನವರು ಬಾಗಿಲಾಚೆ ಚಪ್ಪಾಳೆ ತಟ್ಟಿದರು. ಗೆದ್ದವರು ಮಾತ್ರ ಸೋತವರ ಹಾಗೆ ಕೂತಿದ್ದರು. ಚರಿತ್ರೆಯ ಮೇಡಂ ಬ್ಯಾಗು ಹೆಗಲಿಗೇರಿಸಿಕೊಂಡು, "ನಿಮ್ಮ ಬೋರ್ಡು ಗೆಲ್ತು ಬಿಡಿ ಅಕ್ಕ," ಎಂದು ಕಾಫಿಗೂ ನಿಲ್ಲದೆ ಹೊರಟುಹೋದರು. ಮರುದಿನದಿಂದ ಅವರ ಊಟದ ಡಬ್ಬಿ ಲೈಬ್ರರಿಗೆ ಹೋಗತೊಡಗಿತು. ಲ್ಯಾಬಿನಲ್ಲಿ ಒಬ್ಬಳೇ ಮುದ್ದೆ ನುಂಗುವಾಗ ನನಗೆ ಬೇಸರವಾಗುತ್ತಿತ್ತು. ಮಾಡಿದ್ದು ಸರಿಯೇ ಎಂಬ ಅನುಮಾನ ಮಾತ್ರ ಒಂದು ದಿನವೂ ಬರಲಿಲ್ಲ.

ಕೆಲವು ದಿನ ಕಳೆದ ಮೇಲೆ ಭೌತಶಾಸ್ತ್ರದ ಸರ್ ಲ್ಯಾಬಿಗೆ ಬಂದರು. ಕೂರಲಿಲ್ಲ. ಸೂಕ್ಷ್ಮದರ್ಶಕದ ತಿರುಪು ತಿರುಗಿಸುತ್ತಾ ನಿಂತರು.

"ಆ ಚೀಟಿ?"

"ಲಕೋಟೇಲಿ, ಸೀಲು ಹಾಕಿ ಬೀರುವಲ್ಲಿಟ್ಟಿದೀನಿ ಸರ್. ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ."

"ಅಲ್ಲ ಮೇಡಂ, ನನ್ನ ಪೇಪರನ್ನ ನಾನೇ ತಿದ್ಕೊಂಡು ನಾನೇ ಮಾರ್ಕ್ಸ್ ಹಾಕ್ಕೊಳ್ಳೋದಾ ಅನ್ನಿಸ್ತು. ನಮ್ಮಪ್ಪ ಪಂಚಾಯ್ತಿಗೆ ನಿಂತಾಗಲೂ ಎದುರಿನೋರಿಗೇ ಹಾಕಿ ಬಂದ್ರಂತೆ. ಅಲ್ದೆ ಹೆಂಗೂ ನಾನೇ ಗೆಲ್ಲೋದು ಅಂತ ಲೆಕ್ಕ ಹಾಕಿದ್ದೆ. ಒಂದು ಓಟು ಆ ಹೆಣ್ಮಗಳಿಗೆ ಹೋದ್ರೆ ಏನೀಗ, ಮರ್ಯಾದೆಗೆ ಇರ್ಲಿ ಅಂತ ಹಾಕ್ದೆ. ಹಾಳಾದ ಸಹಿ ಯಾವಾಗ ಬಿತ್ತೋ ಗೊತ್ತೇ ಆಗ್ಲಿಲ್ಲ."

"ನಿಮ್ಮ ಸಹಿ ಇಲ್ದಿದ್ರೆ ಅವರು ಗೆದ್ದಿರೋರು ಸರ್."

"ಅದೇ ರೀ ನಿದ್ದೆ ಕೆಡಿಸಿರೋದು. ಈಗೇನು ಮಾಡೋದು ಹೇಳಿ. ರಾಜೀನಾಮೆ ಕೊಟ್ರೆ?"

"ಕೊಟ್ರೆ ಮರುಚುನಾವಣೆ ಆಗೋಷ್ಟರಲ್ಲಿ ಸಭೆ ಮುಗಿದೋಗಿರುತ್ತೆ. ಕುರ್ಚಿ ನಿಮ್ದು. ಹೋಗಿ ಕೂತ್ಕೊಳ್ಳಿ. ಆದ್ರೆ ಬರೀ ಕೇಸರಿಬಾತು ತಿಂದ್ಕೊಂಡು ಬರ್ಬೇಡಿ."

"ಚರಿತ್ರೆ ಬಗ್ಗೆ ನನಗೇನ್ರೀ ಗೊತ್ತು? ಏನಂತ ಮಾತಾಡ್ಲಿ?"

"ಈ ಶನಿವಾರ ಮೇಡಂ ಮಕ್ಕಳನ್ನ ಬಸ್ತಿಹಳ್ಳಿ ಬಸದಿಗೆ ಕರ್ಕೊಂಡು ಹೋಗ್ತಾರೆ. ಹಿಂದುಗಡೆ ನಿಂತು ಕೇಳಿಸ್ಕೊಳ್ಳಿ," ಎಂದೆ.

ಅವರು ಬರುತ್ತಾರೆಂದು ನಾನೂ ನಂಬಿರಲಿಲ್ಲ. ಆದರೆ ಶನಿವಾರ ಬೇಲೂರು ಬಸ್ಸಿನಿಂದ ಇಳಿದವರು ನೇರ ಬಸ್ತಿಹಳ್ಳಿಯ ದಾರಿ ಹಿಡಿದರು. ಬಸದಿಯ ಅಂಗಳದ ಹುಲ್ಲು ಸಂಗ್ರಹಿಸುವ ನೆವದಲ್ಲಿ ನಾನೂ ಹೋದೆ. ಅಷ್ಟು ನೆವ ಚುನಾವಣೆ ನಡೆಸುವವರಿಗೂ ಬೇಕಾಗುತ್ತದೆ.

ಚರಿತ್ರೆಯ ಮೇಡಂ ಬಾಗಿಲಲ್ಲೇ ಅವರನ್ನು ತಡೆದರು. "ಏನ್ ಸರ್, ಗೆದ್ದ ಮೇಲೆ ಮತದಾರರಿಗೆ ಕೃತಜ್ಞತೆ ಹೇಳೋಕೆ ಬಂದ್ರಾ?"

"ಇಲ್ಲಮ್ಮ, ಪಾಠ ಕೇಳೋಕೆ ಬಂದೆ."

"ಹಾಜರಿ ಕರೀತೀನಿ, ಮಧ್ಯದಲ್ಲಿ ಎದ್ದು ಹೋಗೋಹಾಗಿಲ್ಲ."

ಹೋಗಲಿಲ್ಲ. ಒಳಗಿನ ಕಂಬಗಳ ಹತ್ತಿರ ಬಂದ ಮೇಲೆ ಹೋಗುವುದೂ ಆಗಲಿಲ್ಲ. ಬಸ್ತಿಹಳ್ಳಿಯ ಆ ಕರಿಕಲ್ಲಿನ ಕಂಬಗಳು ಎಷ್ಟು ನುಣುಪೆಂದರೆ ಎದುರು ನಿಂತವರ ಮುಖ ಕಾಣುತ್ತದೆ. ಮಕ್ಕಳು ಒಬ್ಬರನ್ನೊಬ್ಬರು ತಳ್ಳಿಕೊಂಡು ತಮ್ಮ ಸೊಟ್ಟ ಮುಖ ನೋಡಿ ನಗುತ್ತಿದ್ದರು. ಮೇಡಂ ಅದನ್ನು ಕಟ್ಟಿಸಿದವರು, ಕಲ್ಲನ್ನು ತಿರುಗಿಸಿ ತಿರುಗಿಸಿ ಕಡೆದ ರೀತಿ, ಆ ಕಾಲದ ವರ್ತಕರು, ಅವರು ಕೊಟ್ಟ ದಾನ ಎಂದು ಹೇಳುತ್ತಾ ಹೋದರು. ಭೌತಶಾಸ್ತ್ರದ ಸರ್ ಒಂದು ಕಂಬದ ಮುಂದೆ ಕೂತರು, ನಿಂತರು, ಹಿಂದೆ ಸರಿದರು, ಹತ್ತಿರ ಹೋದರು. ಕೊನೆಗೆ ತಡೆಯಲಾರದೆ ಕೈ ಎತ್ತಿದರು.

"ಮೇಡಂ, ಇಷ್ಟು ನಯ ಮಾಡೋಕೆ ಏನು ಉಪಯೋಗಿಸಿದ್ರು?"

"ಅದನ್ನ ಆಮೇಲೆ ಹೇಳ್ತೀನಿ. ಮುಖ ಯಾಕೆ ಸೊಟ್ಟಗೆ ಕಾಣ್ತಿದೆ ಅಂತ ಮೊದ್ಲು ನೀವು ಮಕ್ಕಳಿಗೆ ಹೇಳಿ."

ಅವರು ಜೇಬಿನಿಂದ ಪೆನ್ನು ತೆಗೆದು, ಅಂಗೈಯ ಮೇಲೆ ಬೆಳಕಿನ ಗೆರೆ ಎಳೆದು ವಿವರಿಸತೊಡಗಿದರು. ಅವರು ಒಂದು ಹೇಳಿದರೆ ಇವರು ಒಂದು ಹೇಳಿದರು. ಊಟದ ಹೊತ್ತು ಮೀರಿದ್ದು ಯಾರಿಗೂ ತಿಳಿಯಲಿಲ್ಲ. ಮುಂದಿನ ಶನಿವಾರ ಹುಲಿಕೆರೆಯ ಮೆಟ್ಟಿಲುಕೊಳಕ್ಕೂ ಅವರು ಬಂದರು. ಆ ದಿನ ಗಣಿತದವರನ್ನೂ ಎಳೆದುಕೊಂಡು ಬಂದಿದ್ದರು.

ಸಭೆಯ ದಿನ ಚರಿತ್ರೆಯ ಮೇಡಂ ರಜೆ ಹಾಕಲಿಲ್ಲ. ತರಗತಿ ಮುಗಿಸಿ ನನ್ನ ಲ್ಯಾಬಿಗೆ ಬಂದು, ಎಷ್ಟೋ ದಿನದ ಮೇಲೆ ಅದೇ ಸ್ಟೂಲಿನ ಮೇಲೆ ಕೂತರು. ನಾನು ಎಲೆಗಳನ್ನು ಹಾಳೆಗೆ ಅಂಟಿಸುತ್ತಿದ್ದೆ. ಅವರು ಅಂಟು ಹಚ್ಚಿಕೊಟ್ಟರು. ಭೌತಶಾಸ್ತ್ರದ ಸರ್ ಅರಸೀಕೆರೆಯಿಂದ ವಾಪಸು ಬರುವಾಗ ಬೇಲೂರಿಗೆ ನೇರ ಹೋಗದೆ ಇಲ್ಲೇ ಇಳಿದರು.

"ಅಧ್ಯಕ್ಷರು ಏನಂದ್ರು ಗೊತ್ತಾ?" ಎಂದು ಬಾಗಿಲಲ್ಲೇ ಶುರುಮಾಡಿದರು. "'ಏನ್ ಮೇಷ್ಟ್ರೇ, ನಿಮ್ದು ಫಿಸಿಕ್ಸ್ ಅಲ್ವಾ? ಕಲ್ಲಿನ ವಿಷ್ಯ ಯಾಕ್ ಹಿಡ್ಕಂಡ್ರಿ?' ಅಂದ್ರು. ನಾನಂದೆ, 'ಸ್ವಾಮಿ, ಕಂಬ ಕನ್ನಡಿ ಥರಾ ಯಾಕೆ ಕಾಣುತ್ತೆ ಅಂತ ನಾನು ಹೇಳಬಲ್ಲೆ. ಯಾರು ಮಾಡಿದ್ರು, ಯಾಕೆ ಮಾಡಿದ್ರು ಅಂತ ಮಕ್ಕಳು ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ಅದಕ್ಕೆ ಆ ಮೇಡಂ ಇರಬೇಕು' ಅಂದೆ. 'ಕಂಪ್ಯೂಟರ್ ಎಲ್ಲಿಡಾಣ?' ಅಂದ್ರು. 'ನನ್ನ ಲ್ಯಾಬ್ ಅರ್ಧ ಖಾಲಿ ಇದೆ, ಅಲ್ಲಿಡಿ' ಅಂದ್ಬಿಟ್ಟೆ."

"ಆಮೇಲೆ?" ಚರಿತ್ರೆಯ ಮೇಡಂ ಅಂಟಿನ ಬಾಟಲಿ ಕೆಳಗಿಟ್ಟರು.

"ಆಮೇಲೇನು, ವಿಭಾಗ ಇರುತ್ತೆ. ಆದ್ರೆ ಮುಂದಿನ ಸಲ ಮಕ್ಕಳು ಜಾಸ್ತಿ ಸೇರ್ಬೇಕು ಅಂದಿದಾರೆ. ಸೇರಿಸೋದು ನಿಮ್ಮ ಕೆಲಸ. ಕೇಸರಿಬಾತು ಮುಗಿದೋಗಿತ್ತು, ಒಂದು ಚಮಚಾನೂ ಸಿಗ್ಲಿಲ್ಲ ನನಗೆ."

ಆ ಬೇಸಿಗೆ ಮೇಡಂ ಜೊತೆ ಸುತ್ತಿನ ಹಳ್ಳಿಗಳ ಪಿಯುಸಿ ಮಕ್ಕಳ ಮನೆಗಳಿಗೆ ನಾನೂ ಅಲೆದೆ. ಹೋದ ಮನೆಯಲ್ಲೆಲ್ಲ ಮಜ್ಜಿಗೆ ಕೊಟ್ಟರು, ಕೆಲವರು ಮಕ್ಕಳನ್ನೂ ಕೊಟ್ಟರು. ತರಗತಿ ತುಂಬಿತೆಂದು ಹೇಳಲಾರೆ. ಆದರೆ ಮುಂದಿನ ಬೆಂಚುಗಳು ಖಾಲಿ ಉಳಿಯಲಿಲ್ಲ.

ಎರಡು ವರ್ಷ ಕಳೆದು ಮತ್ತೆ ಡಬ್ಬಿ ಅಟ್ಟದಿಂದಿಳಿಯಿತು. ಈ ಸಲ ಚರಿತ್ರೆಯ ಮೇಡಂ ಮತ್ತು ಅವರದೇ ಬಸ್ಸಿನ ಗಣಿತದವರು ನಿಂತಿದ್ದರು. ಹಾಗಾಗಿ ಬಸ್ಸುಗಳ ಲೆಕ್ಕವೆಲ್ಲ ತಲೆಕೆಳಗಾಗಿತ್ತು. ನಾನು ನಿಯಮದಲ್ಲಿ ಒಂದೇ ಬದಲಾವಣೆ ಮಾಡಿದ್ದೆ. ಮೇಜಿನ ಮೇಲೆ ಪೆನ್ನಿಲ್ಲ. ಶಾಯಿ ಪ್ಯಾಡು, ಒಂದು ರಬ್ಬರ್ ಮುದ್ರೆ. ಬಾಗಿಲಲ್ಲಿ ಒಂದು ಸ್ಟೀಲ್ ತಟ್ಟೆ ಇಟ್ಟುಕೊಂಡು ಕೂತಿದ್ದೆ.

"ಪೆನ್ನುಗಳನ್ನ ಇದರಲ್ಲಿ ಹಾಕಿ ಒಳಗೆ ಹೋಗಿ."

"ಏನ್ರೀ ಇದು, ದೇವಸ್ಥಾನದ 'ಚಪ್ಪಲಿ ಬಿಡಿ' ಥರ?" ಎಂದರು ಯಾರೋ.

ಸಾಲಿನ ಮೊದಲಲ್ಲಿದ್ದವರು ಭೌತಶಾಸ್ತ್ರದ ಸರ್. ಜೇಬಿನ ಎರಡೂ ಪೆನ್ನನ್ನು ತಟ್ಟೆಗೆ ಹಾಕಿ, ಹಿಂದೆ ತಿರುಗಿ, ತರಬೇತಿ ಕೊಡುವ ಅದೇ ಗಟ್ಟಿ ದನಿಯಲ್ಲಿ, "ಹಾಕ್ರೀ ಎಲ್ಲ, ಹಾಕಿ. ಹೋದ ಸಲ ಟಿಕ್ ಹಾಕಿ ಸಹಿ ಮಾಡಿ ಓಟು ಕೆಡಿಸಿದ ದಡ್ಡ ನಾನೇ," ಎಂದರು.

ಸಾಲಿನಲ್ಲಿ ನಗು ಎದ್ದು ಅಡಗಿತು. ಚರಿತ್ರೆಯ ಮೇಡಂ ಮಾತ್ರ ನಗಲಿಲ್ಲ. ಆ ಟಿಕ್ ಯಾರ ಹೆಸರಿಗೆ ಬಿದ್ದಿತ್ತೆಂದು ಅವರು ಕಣ್ಣಾರೆ ನೋಡಿದ್ದರು. ಅವರ ಮುಖದಲ್ಲಿ ಲೆಕ್ಕ ಕೂಡಿಬರುವುದು ನನಗೆ ಕಂಡಿತು.

"ಇಷ್ಟು ದಿನ ಬೇಲೂರು ಬಸ್ಸಲ್ಲಿ ಯಾರೋ ಒಬ್ಬ ಒಳ್ಳೆ ಮನುಷ್ಯ ಇದಾನೆ ಅಂದ್ಕೊಂಡು ಹುಡುಕ್ತಿದ್ದೆ ಸರ್," ಎಂದರು. "ನೀವಾ?"

"ಸಿಕ್ಕಿದ್ನಲ್ಲ, ಇನ್ನು ಹುಡುಕೋದು ಬಿಡಿ," ಎಂದು ಅವರು ಬೀರುವಿನ ಹಿಂದೆ ಹೋದರು. ಮುದ್ರೆ ಒತ್ತಿದ ಸದ್ದು ಕೇಳಿಸಿತು. ಬಲವಾಗಿಯೇ ಒತ್ತಿದ್ದರು.

ಮೇಡಂ ಸರದಿ ಬಂದಾಗ ನನ್ನ ತಟ್ಟೆಗೆ ಪೆನ್ನು ಹಾಕುತ್ತಾ ಬಗ್ಗಿ, "ಹಂಗಾದ್ರೆ ಅವತ್ತು ಗೆದ್ದೋಳು ನಾನೇ ಅಲ್ವಾ ಅಕ್ಕ?" ಎಂದರು. ಕಣ್ಣಲ್ಲಿ ಹಳೆಯ ಜಗಳವೂ ಇತ್ತು, ನಗುವೂ ಇತ್ತು.

"ಅಲ್ಲ," ಎಂದೆ. "ಅಸಿಂಧು ಅಂದ್ರೆ ಅಸಿಂಧುವೇ. ಹೋಗಿ ಈ ಸಲ ಸರಿಯಾಗಿ ಗೆಲ್ಲಿ."

ಅವರು ಗೆದ್ದರು. ಸಂಜೆ ಡಬ್ಬಿಯನ್ನು ಮನೆಗೆ ಹೊತ್ತು ತರುವಾಗ ಕೆರೆ ಏರಿಯ ತನಕ ಜೊತೆಗೆ ಬಂದರು. ಅರಸೀಕೆರೆಯ ಸಭೆಯಲ್ಲಿ ಮೊದಲು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೇಳಿ ಅಭ್ಯಾಸ ಮಾಡಿದರು. ನಾನು ಹೂಂಗುಟ್ಟುತ್ತಾ ನಡೆದೆ. ಮನೆ ತಲುಪಿದಾಗ ಅತ್ತೆಯವರು ಡಬ್ಬಿ ಇಸಿದುಕೊಂಡು, ಸೀಳಿನ ಮೇಲೆ ಬೆರಳಾಡಿಸಿ, "ಇನ್ನೆರಡು ವರ್ಷ ನಿಮ್ಮೋರಿಗೆ ಇದು ಬೇಡ ತಾನೆ?" ಎಂದರು. ಬೇಡವೆಂದೆ. ಆ ವಾರವೇ ಸೀಳಿಗೆ ಒಂದು ಬಾಳೆಲೆ ತುಂಡು ಮುಚ್ಚಿ ಕೋಡುಬಳೆ ತುಂಬಿಟ್ಟರು. ಮೊದಲ ಬೊಗಸೆ ಚರಿತ್ರೆ ವಿಭಾಗಕ್ಕೆ ಹೋಯಿತು.